ಸಂದು ಕಾಣದಂತೆ ಕಲ್ಲು ಕೂಡಿಸುವುದು: ಇಂಟಾರ್ಸಿಯಾ ಪದಕಕ್ಕೆ ನಾನು ಅನುಸರಿಸುವ ಕ್ರಮ

ಬಣ್ಣಬಣ್ಣದ ಕಲ್ಲಿನ ತುಂಡುಗಳನ್ನು ಅಂಚಿಗೆ ಅಂಚು ಅಂಟಿಸಿ ಚಿತ್ರ ಮೂಡಿಸುವುದೇ ಇಂಟಾರ್ಸಿಯಾ. ಹಾಗೆ ಮಾಡಿದ ಕೊರಳ ಪದಕದ ಹಣೆಬರಹ ತೀರ್ಮಾನವಾಗುವುದು ಪಾಲಿಶ್‌ನಲ್ಲಲ್ಲ, ಸಂದಿನಲ್ಲಿ. ಎರಡು ಕಲ್ಲು ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಹೊಳಪು ಏರಿದಷ್ಟೂ ಅದು ಎದ್ದು ಕಾಣುತ್ತದೆ. ಹಾಗಾಗಿ ನನ್ನ ಸಮಯದ ಮುಕ್ಕಾಲು ಪಾಲು ಅಂಚುಗಳನ್ನು ಸಾಣೆ ಹಿಡಿಯುವುದಕ್ಕೇ ಹೋಗುತ್ತದೆ.

ಆಗ್ರಾದ ಪಚ್ಚೀಕಾರಿ ಕೆಲಸದಲ್ಲಿ ಅಮೃತಶಿಲೆಯಲ್ಲಿ ಗುಳಿ ತೋಡಿ ಅದರೊಳಗೆ ಹರಳು ಕೂರಿಸುತ್ತಾರೆ. ಇಂಟಾರ್ಸಿಯಾದಲ್ಲಿ ಗುಳಿಯೂ ಇಲ್ಲ, ಹಿಡಿದುಕೊಳ್ಳುವ ಹಾಸುಗಲ್ಲೂ ಇಲ್ಲ. ತುಂಡಿಗೆ ತುಂಡು ಅಂಚಿನಲ್ಲಿ ಕೂಡಿ ತಾನೇ ನಿಲ್ಲಬೇಕು. 1588ರಲ್ಲಿ ಫರ್ಡಿನಾಂಡೊ ಮೆಡಿಚಿ ಕಾರ್ಯಾಗಾರ ಕಟ್ಟಿಸಿದ ಫ್ಲಾರೆನ್ಸ್‌ನಲ್ಲಿ ಇದೇ ಬಗೆಯ ಕೆಲಸ ದೊಡ್ಡ ಫಲಕಗಳಲ್ಲಿ ನಡೆಯಿತು. ಅಲ್ಲಿ ತುಂಡುಗಳ ಅಂಚನ್ನು ಹಿಂಬದಿಗೆ ತುಸು ಇಳಿಜಾರಾಗಿ ಕೊಯ್ಯುತ್ತಾರೆ, ಮೇಲ್ಮೈಯಲ್ಲಿ ಸಂದು ಬಿಗಿಯಾಗಿ ಕೂಡಲಿ ಎಂದು. ಚಪ್ಪಟೆ ಫಲಕಕ್ಕೆ ಅದು ಸರಿ. ಪದಕದಲ್ಲಿ ಮಾತ್ರ ಆ ಉಪಾಯ ಕೈಕೊಡುತ್ತದೆ. ಕೂಡಿಸಿದ ಮೇಲೆ ಒಂದೂವರೆ, ಎರಡು ಮಿಲಿಮೀಟರ್ ಸವೆಸಬೇಕಾಗುವುದರಿಂದ ಕೆಳಗಿದ್ದ ಇಳಿಜಾರು ಮೇಲೆ ಬಂದು ಸಂದು ಬಾಯಿಬಿಡುತ್ತದೆ. ಆದ್ದರಿಂದ ಪದಕದ ಪ್ರತಿ ಅಂಚೂ ಮೇಲಿಂದ ಕೆಳಗಿನವರೆಗೆ 90 ಡಿಗ್ರಿಯಲ್ಲೇ ನಿಲ್ಲಬೇಕು.

ಮೊದಲು ಕಲ್ಲಿನ ಆಯ್ಕೆ. ಬಣ್ಣ ನೋಡಿ ಕಲ್ಲು ಆರಿಸುವವರು ಬೇಗ ಸೋಲುತ್ತಾರೆ, ಗಡಸುತನ ನೋಡಿ ಆರಿಸಿ. ಗಡಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಜಾಸ್ಪರ್, ಅಗೇಟ್, ಕಾರ್ನೀಲಿಯನ್ ಎಲ್ಲ 6.5ರಿಂದ 7. ಲ್ಯಾಪಿಸ್ ಲಾಜುಲಿ 5ರಿಂದ 5.5, ಮ್ಯಾಲಕೈಟ್ 3.5ರಿಂದ 4. ಜಾಸ್ಪರ್ ಪಕ್ಕ ಮ್ಯಾಲಕೈಟ್ ಇಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ. ಮೆತ್ತನೆಯದು ಬೇಗ ಸವೆದು ತಗ್ಗಾಗುತ್ತದೆ, ಗಟ್ಟಿಯದು ದಿಬ್ಬವಾಗಿ ಉಳಿಯುತ್ತದೆ, ಉಗುರು ಎಳೆದರೆ ಮೆಟ್ಟಿಲು ಸಿಗುತ್ತದೆ. ನೀಲಿ ಬೇಕಿದ್ದರೆ ನಾನು ಲ್ಯಾಪಿಸ್ ಬದಲು ಡುಮೋರ್ಟಿಯರೈಟ್ ಕ್ವಾರ್ಟ್ಸ್ ಹಿಡಿಯುತ್ತೇನೆ. ಗಡಸು 7, ಅಗ್ಗ, ಆಕಾಶಕ್ಕೆ ಹೇಳಿ ಮಾಡಿಸಿದ ಮಬ್ಬು ಬಣ್ಣ.

ನಮ್ಮ ನೆಲದ ಎರಡು ಕಲ್ಲುಗಳ ಬಗ್ಗೆ ಹೇಳಲೇಬೇಕು. ಮೈಸೂರು ಕಡೆಯಿಂದ ಬರುವ, ಹಸಿರು ಫುಕ್ಸೈಟ್‌ನಲ್ಲಿ ಕೆಂಪು ಮಾಣಿಕ್ಯ ಹುದುಗಿದ ಕಲ್ಲು ನೋಡಲು ಬಲು ಚೆಂದ. ಆದರೆ ಮಾಣಿಕ್ಯ 9, ಅದನ್ನು ಸುತ್ತುವರಿದ ಫುಕ್ಸೈಟ್ ಅಭ್ರಕದ ಜಾತಿ, 2ರಿಂದ 3. ಒಂದೇ ತುಂಡಿನೊಳಗೆ ಇಷ್ಟು ಅಂತರವಿರುವಾಗ ಅಂಚು ನೇರ ಬರುವುದೇ ಇಲ್ಲ, ಹಸಿರು ಭಾಗ ಪದರ ಪದರವಾಗಿ ಕಿತ್ತು ಬರುತ್ತದೆ. ಅದನ್ನು ಇಡಿಯಾಗಿ ಕ್ಯಾಬೊಶಾನ್ (ಗುಮ್ಮಟದಂತೆ ನುಣುಪಾಗಿಸಿದ ಹರಳು) ಮಾಡಿಕೊಳ್ಳಿ, ಇಂಟಾರ್ಸಿಯಾಕ್ಕೆ ಬೇಡ. ಇನ್ನೊಂದು ಸಂಡೂರು ಸೀಮೆಯ ಪಟ್ಟೆ ಹೆಮಟೈಟ್ ಜಾಸ್ಪರ್. ಕೆಂಪು ಜಾಸ್ಪರ್ ನಡುವೆ ಉಕ್ಕಿನ ಬಣ್ಣದ ಗೆರೆಗಳು, ಬೆಟ್ಟದ ಸಾಲಿಗೆ ಇದಕ್ಕಿಂತ ಒಳ್ಳೆಯ ಕಲ್ಲು ನಾನು ಕಂಡಿಲ್ಲ. ಎರಡೂ ಖನಿಜಗಳ ಗಡಸು ಹತ್ತಿರ ಹತ್ತಿರ ಇರುವುದರಿಂದ ಸಮನಾಗಿ ಸವೆಯುತ್ತದೆ. ಅದರ ಕಾಟ ಬೇರೆ, ಮುಂದೆ ಹೇಳುತ್ತೇನೆ. ಗಣಿ ಗುತ್ತಿಗೆ ಜಾಗಕ್ಕೋ ಕಾಡಿಗೋ ನುಗ್ಗಿ ಆಯ್ದು ತರಬೇಡಿ, ವ್ಯಾಪಾರಿಗಳಲ್ಲಿ ಸಿಗುತ್ತದೆ.

ಬಣ್ಣ ಹಾಕಿದ ಕಲ್ಲಿನ ಬಗ್ಗೆ ಎಚ್ಚರ. ಫಿರೋಜಾ ಎಂದು ಮಾರುವ ಹಲವು ತುಂಡುಗಳು ಬಣ್ಣ ಕುಡಿಸಿದ ಹೌಲೈಟ್. ಅಂಚು ಸಾಣೆ ಹಿಡಿದೊಡನೆ ಒಳಗಿನ ಬಿಳಿ ಹೊರಬೀಳುತ್ತದೆ. ಕಪ್ಪು ಅಗೇಟ್‌ನಲ್ಲೂ ಬಣ್ಣ ಒಳತನಕ ಇಳಿಯದೆ ನಡುವೆ ಬೂದು ಉಳಿದಿರಬಹುದು. ಕಪ್ಪಿಗೆ ನಾನು ಬಳಸುವುದು ಬ್ಯಾಸನೈಟ್, ಅಕ್ಕಸಾಲಿಗರ ಒರೆಗಲ್ಲಿನ ಜಾತಿ. ಹುಟ್ಟುಗಪ್ಪು, ನುಣ್ಣನೆಯ ಕಣ, ಅಂಚು ಮುಕ್ಕಾಗುವುದು ಕಡಿಮೆ.

ಈಗ ವಿನ್ಯಾಸ. ಉದಾಹರಣೆಗೆ 42 ಮಿಲಿಮೀಟರ್ ಎತ್ತರ, 24 ಅಗಲದ ಪದಕ: ಮೇಲೆ ನೀಲಿ ಆಕಾಶ, ಅದರ ಬುಡದಲ್ಲಿ ಅರ್ಧ ಮುಳುಗಿದ ಕಾರ್ನೀಲಿಯನ್ ಸೂರ್ಯ, ಕೆಳಗೆ ಒಂದು ಕಪ್ಪು ಗೆರೆ, ಅದರ ಕೆಳಗೆ ಓರೆಯಾಗಿ ಕೂಡುವ ಬೆಟ್ಟದ ಎರಡು ಇಳಿಜಾರು, ಒಂದು ಹಸಿರು ಜಾಸ್ಪರ್, ಇನ್ನೊಂದು ಸಂಡೂರಿನ ಕಲ್ಲು. ಒಟ್ಟು ಐದು ತುಂಡು. ಚಿತ್ರ ಬರೆಯುವಾಗಲೇ ಯಾವುದಕ್ಕೆ ಯಾವುದು ಮೊದಲು ಅಂಟಬೇಕು ಎಂದು ನಂಬರು ಹಾಕಬೇಕು. ನಿಯಮ ಇಷ್ಟೇ: ಪ್ರತಿ ಹೊಸ ಸಂದೂ ಒಂದು ತುದಿಯಿಂದ ಇನ್ನೊಂದು ತುದಿಗೆ ತಡೆಯಿಲ್ಲದೆ ಹಾಯಬೇಕು. ಆಕಾಶ ಮತ್ತು ಸೂರ್ಯ ಮೊದಲು ಕೂಡಿ ಒಂದು ಗಟ್ಟಿ, ಅಂದರೆ ಒಂದೇ ತುಂಡು, ಆಗುತ್ತವೆ, ಎರಡು ಇಳಿಜಾರು ಇನ್ನೊಂದು ಗಟ್ಟಿ. ಎರಡೂ ಗಟ್ಟಿಗಳ ಅಂಚನ್ನು ಒಂದೇ ಬೀಸಿನಲ್ಲಿ ಸಪಾಟು ಮಾಡಿ ನಡುವೆ ಕಪ್ಪು ಪಟ್ಟಿ ಇಟ್ಟು ಮುಗಿಸುವುದು.

ಬೆಟ್ಟದ ಚೂಪು ಶಿಖರ ಬೇಕು ಎನ್ನುವವರು ಆಕಾಶದ ಒಂದೇ ತುಂಡಿನಲ್ಲಿ ತಲೆಕೆಳಗಾದ ಗುಳಿ ಕೊಯ್ಯಲು ಹೋಗುತ್ತಾರೆ. ಗುಂಡಗಿನ ಚಕ್ರದಿಂದ ಒಳಮೂಲೆ ಚೂಪಾಗಿ ಬರುವುದಿಲ್ಲ. ಶಿಖರದಿಂದ ಮೇಲಕ್ಕೆ ಒಂದು ಗೆರೆ ಎಳೆದು ಆಕಾಶವನ್ನು ಎರಡು ಮಾಡಿ, ಒಂದೇ ಬಿಲ್ಲೆಯ (ಕಲ್ಲಿನಿಂದ ಕೊಯ್ದ ಚಪ್ಪಟೆ ಹಲ್ಲೆಯ) ಅಕ್ಕಪಕ್ಕದ ಭಾಗ ಬಳಸಿ. ಆ ಸಂದು ಕಣ್ಣಿಗೆ ಬೀಳುವುದಿಲ್ಲ.

ಬಿಲ್ಲೆಗಳು 5 ಮಿಲಿಮೀಟರ್ ದಪ್ಪ ಇರಲಿ. ಕೊನೆಗೆ ಉಳಿಯುವುದು 3. ಹೆಚ್ಚುವರಿ ದಪ್ಪ ಸುಮ್ಮನೆ ಅಲ್ಲ. ಸಾಣೆಯಲ್ಲಿ ಮೇಲಿನ ಅಂಚಿನಲ್ಲಿ ಸಣ್ಣ ಮುಕ್ಕುಗಳು ಆಗೇ ಆಗುತ್ತವೆ, ಅವು ಆ ಎರಡು ಮಿಲಿಮೀಟರ್ ಜೊತೆ ಸವೆದು ಹೋಗಬೇಕು. ಹೊರಸುತ್ತಿಗೂ 3 ಮಿಲಿಮೀಟರ್ ಬಿಟ್ಟಿರಿ, ಹೊರ ಆಕಾರ ಕೊಯ್ಯುವುದು ಕಟ್ಟಕಡೆಗೆ. ಕೊಯ್ಯಲು 6 ಇಂಚಿನ ಟ್ರಿಮ್ ಗರಗಸ, ಅರ್ಧ ಮಿಲಿಮೀಟರ್ ಆಸುಪಾಸಿನ ತೆಳು ಡೈಮಂಡ್ ಬ್ಲೇಡ್. ಟೈಲ್ಸ್ ಕೊಯ್ಯುವ ಬ್ಲೇಡ್‌ನಲ್ಲಿ ಅರ್ಧ ಕಲ್ಲು ರಾಡಿಯಾಗಿ ಹೋಗುತ್ತದೆ, ಅಂಚು ಒರಟಾಗಿ ಸಿಡಿಯುತ್ತದೆ. ಎಣ್ಣೆ ಬಳಸಿ ಕೊಯ್ದ ಬಿಲ್ಲೆ ಕೊಂಡರೆ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ರಾತ್ರಿಯಿಡೀ ನೆನೆಸಿ. ಎಣ್ಣೆ ಉಳಿದ ಕಲ್ಲಿಗೆ ಅಂಟು ಕಚ್ಚುವುದಿಲ್ಲ.

ಅಂಚು ಮಾಡುವುದು ಹೀಗೆ. ಮಲಗಿ ತಿರುಗುವ 8 ಇಂಚಿನ ಡೈಮಂಡ್ ತಟ್ಟೆಯ ಪಕ್ಕ ದಪ್ಪ ಅಲ್ಯುಮಿನಿಯಂ ಆಂಗಲ್ ಒಂದನ್ನು ಕ್ಲ್ಯಾಂಪ್ ಮಾಡಿ, ಬಡಗಿಗಳ ಮೂಲೆಮಟ್ಟ ಇಟ್ಟು ಅದು ತಟ್ಟೆಗೆ ಲಂಬವಾಗಿದೆಯೇ ನೋಡುತ್ತೇನೆ. ಕಲ್ಲಿನ ಮುಖ ಆಂಗಲ್‌ಗೆ ಒತ್ತಿಕೊಂಡಿರಬೇಕು, ಅಂಚು ಮಾತ್ರ ತಟ್ಟೆಗೆ ತಾಕಬೇಕು. ನೀರು ಹನಿಯುತ್ತಲೇ ಇರಲಿ. 325 ಗ್ರಿಟ್‌ನಲ್ಲಿ (ಸಾಣೆಯ ಒರಟಿನ ಅಂಕಿ, ಹೆಚ್ಚಿದಷ್ಟೂ ನುಣುಪು) ಗೆರೆಗೆ ತಂದು 600ರಲ್ಲಿ ನಿಲ್ಲಿಸಿ. ಅದರಿಂದಾಚೆ ನುಣುಪು ಮಾಡಿದರೆ ಅಂಟಿಗೆ ಹಿಡಿತ ಸಿಗುವುದಿಲ್ಲ.

ಪರೀಕ್ಷೆ ಬೆಳಕಿನಿಂದ. ಎರಡು ತುಂಡನ್ನು ಒರೆಸಿ ಒಣಗಿಸಿ, ಅಂಚಿಗೆ ಅಂಚು ಕೂಡಿಸಿ, ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕು ಎರಡು ತುದಿಯಲ್ಲಿ ತೂರಿದರೆ ಅಂಚು ನಡುವೆ ಉಬ್ಬಿದೆ: ಕೈ ತೂಗಾಡಿದ್ದರ ಗುರುತು. ನಡುವೆ ತೂರಿದರೆ ತಟ್ಟೆ ಒಂದೇ ಕಡೆ ಸವೆದು ಸಪಾಟು ಕಳೆದುಕೊಂಡಿದೆ, ಉಕ್ಕಿನ ಸ್ಕೇಲ್ ಅಡ್ಡ ಇಟ್ಟು ನೋಡಿ. ಎಲ್ಲಿ ಸವೆಸಬೇಕೋ ತಿಳಿಯದಿದ್ದರೆ ಅಂಚಿಗೆ ಮಾರ್ಕರ್ ಶಾಯಿ ಬಳಿದು ತಟ್ಟೆಗೆ ಒಮ್ಮೆ ತಾಗಿಸಿ. ಶಾಯಿ ಹೋದ ಜಾಗ ಎತ್ತರ, ಉಳಿದ ಜಾಗ ತಗ್ಗು.

ಸೂರ್ಯನ ಕಮಾನಿಗೆ ಒಳಬಾಗು ಮೊದಲು, ಹೊರಬಾಗು ಆಮೇಲೆ. ಆಕಾಶದಲ್ಲಿ ಡೈಮಂಡ್ ಡ್ರಮ್‌ನಿಂದ (ವಜ್ರದ ಪುಡಿ ಮೆತ್ತಿದ ಉರುಳೆಯಿಂದ) ಕಮಾನು ಕೊರೆದು, ಡ್ರಮ್ಮಿನ ಸುತ್ತಳತೆಯೇ ಸೂರ್ಯನ ಅಳತೆ ಎಂದಿಟ್ಟುಕೊಳ್ಳಿ. ಹೊರಬಾಗನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು, ಒಳಬಾಗನ್ನು ತಿದ್ದಿದಷ್ಟೂ ಅದು ದೊಡ್ಡದಾಗುತ್ತಾ ಹೋಗುತ್ತದೆ.

ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ, ನೀರಿನಷ್ಟು ತಿಳಿಯಾದ ಎಪಾಕ್ಸಿ, ಅಂದರೆ ಎರಡು ಭಾಗ ಬೆರೆಸಿ ಬಳಸುವ ಅಂಟು. ಐದು ನಿಮಿಷದ ಅಂಟು ತೇವಕ್ಕೂ ಬಿಸಿಗೂ ಬೇಗ ಸೋಲುತ್ತದೆ. ಸೂಪರ್ ಗ್ಲೂ ಗಾಜಿನ ಹಾಗೆ ಸಿಡಿಯುತ್ತದೆ, ತಾತ್ಕಾಲಿಕ ಹಿಡಿತಕ್ಕೆ ಮಾತ್ರ ಅದು. ಅಂಚುಗಳನ್ನು ಅಸಿಟೋನ್‌ನಿಂದ ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಎಪಾಕ್ಸಿಯನ್ನು ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲೇ ತೂಗಿ, ಗುಳ್ಳೆ ಏಳದಂತೆ ನಿಧಾನಕ್ಕೆ ಕಲಸಿ. ಇಂದಿನ ಗುಳ್ಳೆ ನಾಳೆ ಪಾಲಿಶ್ ಪುಡಿ ತುಂಬಿದ ಚುಕ್ಕೆ. ಕಪ್ಪು ಪಟ್ಟಿಯ ಎರಡೂ ಸಂದಿಗೆ ಅಂಟಿನಲ್ಲಿ ಚಿಟಿಕೆಗಿಂತ ಕಡಿಮೆ ದೀಪದ ಕಾಡಿಗೆ ಬೆರೆಸಿದರೆ ಅಂಟಿನ ಗೆರೆ ಪಟ್ಟಿಯಲ್ಲೇ ಕರಗಿಹೋಗುತ್ತದೆ. ಗಾಜಿನ ಮೇಲೆ ಪಾಲಿಥಿನ್ ಹಾಸಿ, ಮುಖ ಕೆಳಗಾಗಿ ಇಟ್ಟು ಕೂಡಿಸಿ, ಪೇಪರ್ ಟೇಪಿನಿಂದ ಹದವಾಗಿ ಬಿಗಿಯಿರಿ. ಹಿಂಡಿ ಬಿಗಿದರೆ ಅಂಟೆಲ್ಲ ಹೊರಬಂದು ಸಂದು ಒಣಗಿ ನಿಲ್ಲುತ್ತದೆ. 24 ಗಂಟೆ ಮುಟ್ಟಬೇಡಿ. ಕಾಗದದ ಮೇಲೆ ಉಳಿದ ಅಂಟನ್ನು ಬಗ್ಗಿಸಿದಾಗ ಬಾಗದೆ ಪಟ್ಟನೆ ಮುರಿದರೆ ಸಾಣೆಗೆ ಸಿದ್ಧ.

ಎಲ್ಲ ಕೂಡಿದ ಮೇಲೆ ಹಿಂಬದಿ ಸಪಾಟು ಮಾಡಿ 1.2 ಮಿಲಿಮೀಟರ್ ಬ್ಯಾಸನೈಟ್ ಬೆನ್ನು ಅಂಟಿಸುತ್ತೇನೆ. ಇಲ್ಲೊಂದು ಬಲೆ ಇದೆ: ಕಾರ್ನೀಲಿಯನ್ ಅರೆಪಾರದರ್ಶಕ. ಕಪ್ಪು ಬೆನ್ನಿನ ಮೇಲೆ ಕೂತರೆ ಸೂರ್ಯ ಕಂದುಗಟ್ಟಿ ಸಾಯುತ್ತಾನೆ. ಆ ಜಾಗಕ್ಕಷ್ಟೇ ಬಿಳಿ ಬಣ್ಣ ಬೆರೆಸಿದ ಅಂಟು ಹಾಕಿ, ಕೆಂಡದ ಬಣ್ಣ ವಾಪಸು ಬರುತ್ತದೆ.

ಮುಖ ಸವೆಸಲು ಗಟ್ಟಿ ತಟ್ಟೆಯೇ ಬೇಕು. ಗ್ರಾನೈಟ್ ಅಂಗಡಿಯಲ್ಲಿ ಸಿಗುವ 4 ಇಂಚಿನ ಡೈಮಂಡ್ ಪ್ಯಾಡುಗಳು ಅಗ್ಗ, ಎಲ್ಲ ಊರಲ್ಲೂ ಸಿಗುತ್ತವೆ. ಆದರೆ ಅವನ್ನು ರಬ್ಬರ್ ಬೆನ್ನಿಗೆ ಹಾಕಿ ಓಡಿಸಿದರೆ ಸಂದಿನ ಬಳಿ ಅಂಟು, ಮೆತ್ತನೆ ಕಲ್ಲು ಎಲ್ಲ ತಗ್ಗಾಗುತ್ತವೆ. ಸಪಾಟು ಅಕ್ರಿಲಿಕ್ ತಟ್ಟೆಗೆ ಅಂಟಿಸಿಕೊಂಡರೆ ಕೆಲಸಕ್ಕೆ ಬರುತ್ತವೆ. 325ರಲ್ಲಿ ಮಟ್ಟ, ಆಮೇಲೆ 600, 1200, 3000. ಪ್ರತಿ ಹಂತದಲ್ಲೂ ಪದಕವನ್ನು 90 ಡಿಗ್ರಿ ತಿರುಗಿಸಿ ಹಿಡಿದರೆ ಹಿಂದಿನ ಗೀರು ಹೋಯಿತೇ ಎಂದು ಗೊತ್ತಾಗುತ್ತದೆ. ಮೆಟ್ಟಿಲು ಕಂಡುಬಂದರೆ ಪಾಲಿಶ್ ಮಾಡಿ ಅದನ್ನು ಮುಚ್ಚಲಾಗದು, 600ಕ್ಕೆ ಹಿಂದಿರುಗಬೇಕು.

ಸಂಡೂರು ಕಲ್ಲಿನ ಕಾಟ ಇಲ್ಲಿ ಶುರು. ಹೆಮಟೈಟ್ ಸವೆದರೆ ನೀರು ಕುಂಕುಮ ಕಲಸಿದಂತೆ ಕೆಂಪಾಗುತ್ತದೆ, ಆ ಕೆಂಪು ತಿಳಿಬಣ್ಣದ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದರೆ ತೆಗೆಯುವುದು ಕಷ್ಟ. ಹಾಗಾಗಿ ಅದರ ಪಕ್ಕ ಬಿಳಿ ಕಲ್ಲು ಇಡುವುದಿಲ್ಲ, ಪ್ರತಿ ಗ್ರಿಟ್ ಮುಗಿದಾಗಲೂ ಸೋಪು ಹಚ್ಚಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುತ್ತೇನೆ. ಕೊನೆಯ ಹೊಳಪಿಗೆ ತೊಗಲಿನ ತಟ್ಟೆ, ಸೀರಿಯಂ ಆಕ್ಸೈಡ್ ಎಂಬ ಪಾಲಿಶ್ ಪುಡಿ, ನಿಧಾನ ವೇಗ, ಧಾರಾಳ ನೀರು. ತಟ್ಟೆ ಒಣಗಿ ಎಳೆಯಲು ಶುರುವಾದರೆ ಕ್ವಾರ್ಟ್ಸ್ ಬೇಗ ಹೊಳೆಯುತ್ತದೆ ನಿಜ, ಆದರೆ ಬಿಸಿಗೆ ಎಪಾಕ್ಸಿ ಮೆತ್ತಗಾಗಿ ತುಂಡು ಜರುಗುತ್ತದೆ. ಬೆರಳಿಗೆ ಬಿಸಿ ತಾಗಿತೆಂದರೆ ಆಗಲೇ ತಡವಾಗಿದೆ. ಕ್ರೋಮಿಯಂ ಆಕ್ಸೈಡ್ ಮುಟ್ಟಬೇಡಿ, ಅದರ ಹಸಿರು ಸಂದಿನಲ್ಲಿ ಕೂತರೆ ಏಳುವುದಿಲ್ಲ.

ಧೂಳಿನ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಗುಜರಾತಿನ ಖಂಬಾತ್‌ನಲ್ಲಿ ಅಗೇಟ್ ಸಾಣೆ ಹಿಡಿಯುವವರನ್ನು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಹಿಂಡಿದ್ದು ಒಣ ಸಾಣೆಯ ಧೂಳಿನಿಂದ. ಕೆಲಸ ಯಾವಾಗಲೂ ಒದ್ದೆಯಲ್ಲೇ ನಡೆಯಲಿ, ಸಿಡಿದ ರಾಡಿ ಒಣಗುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ, ಪೊರಕೆ ಹಿಡಿಯಬೇಡಿ. ಎನ್-95 ಮಾಸ್ಕ್ ಇರಲಿ. ರಾಡಿಯನ್ನು ಸಿಂಕಿಗೆ ಸುರಿದರೆ ಪೈಪಿನ ತಳದಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಂಗಲು ಬಿಟ್ಟು ಕೆಸರನ್ನು ಬೇರೆ ತೆಗೆಯಿರಿ.

ಕಟ್ಟು ಹಾಕಿಸಲು ಅಕ್ಕಸಾಲಿಗೆ ಕೊಡುವಾಗ ಬಾಯಿಬಿಟ್ಟು ಹೇಳಲೇಬೇಕಾದ ಮಾತುಗಳಿವೆ. ಪದಕದ ಹೊರಸುತ್ತು ಮೇಲಕ್ಕೆ 10ರಿಂದ 15 ಡಿಗ್ರಿ ಒಳಗೆ ವಾಲಿದ್ದರೆ 0.3 ಮಿಲಿಮೀಟರ್ ಶುದ್ಧ ಬೆಳ್ಳಿಯ ಪಟ್ಟಿ ಅದರ ಮೇಲೆ ತಾನಾಗಿ ಬಾಗಿ ಕೂರುತ್ತದೆ. ಸುತ್ತಿಗೆಯಿಂದ ತಟ್ಟದೆ, ನಯವಾದ ಉಕ್ಕಿನ ಸಲಾಕೆಯಿಂದ ಎದುರುಬದುರು ಬದಿಗಳನ್ನು ಸ್ವಲ್ಪ ಸ್ವಲ್ಪವೇ ಒತ್ತಬೇಕು. ಒಂದೇ ಬದಿಗೆ ಬಲ ಬಿದ್ದರೆ ಅಂಟಿದ ಗೆರೆಯಲ್ಲೇ ಬಿರಿಯುತ್ತದೆ. ಕಲ್ಲು ಕೂತ ಮೇಲೆ ಬೆಸುಗೆ ಇಲ್ಲ, ಆಸಿಡ್ ಇಲ್ಲ, ಅಲ್ಟ್ರಾಸಾನಿಕ್ ತೊಟ್ಟಿಗೆ ಹಾಕಿ ತೊಳೆಯುವುದೂ ಇಲ್ಲ. ಸರ ಪೋಣಿಸುವ ಕೊಂಡಿಯನ್ನು ಬೆಳ್ಳಿ ಕಟ್ಟು ಖಾಲಿ ಇರುವಾಗಲೇ ಬೆಸೆದು, ಅದಕ್ಕೆ ಪಾಲಿಶ್ ಕೊಟ್ಟು ಮುಗಿಸಿದ ಮೇಲೆಯೇ ಕಲ್ಲನ್ನು ಅವರ ಕೈಗೆ ಕೊಡಿ.