ಸ್ಯಾಂಕಿ ಹೆಸರಿನ ಜಾಡು ಹಿಡಿದು

ಬೆಂಗಳೂರಿನ ಸ್ಯಾಂಕಿ ಕೆರೆಯ ಸುತ್ತ ದಿನಾ ವಾಕಿಂಗ್ ಹೋಗುತ್ತೇನೆ. 1882ರ ಕೆರೆ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದ ರಿಚರ್ಡ್ ಹೈರಮ್ ಸ್ಯಾಂಕಿಯವರ ಹೆಸರು ಅದಕ್ಕೆ. ಸ್ಯಾಂಕಿ ಅಂದರೆ ಏನು ಅನ್ನುವ ಕುತೂಹಲ ಹುಟ್ಟಿದ್ದು ಇಲ್ಲೇ.

ಬೇರು ಬೇಗ ಸಿಕ್ಕಿತು. ಇಂಗ್ಲೆಂಡಿನ ವಾರಿಂಗ್ಟನ್ ಪಕ್ಕ ಗ್ರೇಟ್ ಸ್ಯಾಂಕಿ ಅಂತ ಊರಿದೆ, ಮೊದಲು ಲ್ಯಾಂಕಾಶೈರ್‌ಗೆ ಸೇರಿತ್ತು. ಅಲ್ಲಿ ಸ್ಯಾಂಕಿ ಬ್ರೂಕ್ ಅನ್ನುವ ಹಳ್ಳ ಹರಿಯುತ್ತದೆ. 1757ರಲ್ಲಿ ಶುರುವಾದ ಕಾಲುವೆಗೂ ಅದೇ ಹೆಸರು. ನಮ್ಮ ಬಾದಾಮಿ, ಹಾನಗಲ್ ಅಡ್ಡಹೆಸರುಗಳ ಹಾಗೆಯೇ ಇದೂ ಊರಿನಿಂದ ಬಂದದ್ದು. ಊರು ಬಿಟ್ಟು ಹೋದವರಿಗೇ ಊರ ಹೆಸರು ಅಂಟಿಕೊಳ್ಳುವುದು ಜಾಸ್ತಿ, ಅಲ್ವಾ?

ಆಮೇಲೆ ಈ ಅಡ್ಡಹೆಸರಿನವರು ಎಲ್ಲೆಲ್ಲಿ ಎಷ್ಟಿದ್ದರು ಅಂತ ನೋಡಿದೆ. ಇದಕ್ಕೆ ಬ್ರಿಟನ್ನಿನ 1881ರ ಜನಗಣತಿ ಒಳ್ಳೆಯದು. ಆದರೆ ಸುಮ್ನೆ ತಲೆ ಎಣಿಸಬೇಡಿ. ಲ್ಯಾಂಕಾಶೈರ್‌ನಲ್ಲಿ ಆಗ ಗಿರಣಿಗಳಿಂದಾಗಿ ವಿಪರೀತ ಜನ, ಯಾವ ಹೆಸರು ಹುಡುಕಿದರೂ ಅಲ್ಲಿ ಹೆಚ್ಚೇ ಸಿಗುತ್ತದೆ. ಪ್ರತಿ ಲಕ್ಷ ಜನರಲ್ಲಿ ಎಷ್ಟು ಅಂತ ಲೆಕ್ಕ ಹಾಕಿ.

ರಿಚರ್ಡ್ ಸ್ಯಾಂಕಿಯವರನ್ನು ಮಾತ್ರ ಇಂಗ್ಲೆಂಡಿನ ಜನನ ನೋಂದಣಿಯ ಸೂಚಿಯಲ್ಲಿ ಹುಡುಕಿ ವಾರ ಕಳೆದೆ. ಅದು ಶುರುವಾಗಿದ್ದೇ 1837ರಲ್ಲಿ. ಅವರು ಹುಟ್ಟಿದ್ದು 1829ರಲ್ಲಿ, ಅದೂ ಐರ್ಲೆಂಡಿನ ಟಿಪ್ಪರರಿಯಲ್ಲಿ! ಅಲ್ಲಿ ಎಲ್ಲರ ಜನನ ನೋಂದಣಿ ಬಂದದ್ದು 1864ಕ್ಕೆ. ಚರ್ಚ್ ದಾಖಲೆ ನೋಡೋಣ ಅಂದರೆ, 1922ರಲ್ಲಿ ಡಬ್ಲಿನ್ ದಾಖಲೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಎಷ್ಟೋ ಸುಟ್ಟುಹೋಗಿವೆ. ಇದನ್ನು ಓದಿದಾಗ ನಿಜಕ್ಕೂ ಸಂಕಟವಾಯಿತು.

ಇಂಗ್ಲಿಷ್ ಹೆಸರು ಟಿಪ್ಪರರಿಗೆ ಹೋದದ್ದು ಹೇಗೆ? ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡನ್ನು ಆಳಿದ ಸೇನಾನಾಯಕ ಕ್ರಾಮ್‌ವೆಲ್ ಕಾಲದಲ್ಲಿ ಹೈರೋಮ್ ಸ್ಯಾಂಕಿ ಅಂತ ಒಬ್ಬ ಸೇನಾಧಿಕಾರಿ ಇದ್ದ, ಶ್ರಾಪ್‌ಶೈರ್ ಕಡೆಯವನು. ಐರ್ಲೆಂಡಿನಲ್ಲಿ ನೆಲೆ ನಿಂತ. ಅಲ್ಲಿ ಭೂಮಿ ಅಳೆದ ವಿಲಿಯಂ ಪೆಟ್ಟಿಯ ಮೇಲೆ 1659ರಲ್ಲಿ ಪಾರ್ಲಿಮೆಂಟಿನಲ್ಲಿ ಆರೋಪ ಹೊರಿಸಿದವನು ಇವನೇ. ಹೈರೋಮ್, ಹೈರಮ್! ನನಗೆ ಮೈ ಜುಮ್ಮೆಂದಿತು. ಆದರೆ ಹೆಸರು ಹೋಲಿದ ಮಾತ್ರಕ್ಕೆ ವಂಶವೃಕ್ಷದಲ್ಲಿ ಗೆರೆ ಎಳೆಯಬಾರದು. ಇಬ್ಬರ ನಡುವೆ ಪೆನ್ಸಿಲ್‌ನಲ್ಲಿ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದೇನೆ.

ಇವನು ಮೊದಲೇ ಕಣ್ಣಿಗೆ ಬೀಳಬೇಕಿತ್ತು. ಬೀಳಲಿಲ್ಲ, ಯಾಕಂದರೆ ಕೆಲವು ಕಡೆ ಅವನ ಹೆಸರನ್ನು ಝಡ್ ಹಾಕಿ ಝ್ಯಾಂಕಿ ಅಂತ ಬರೆದಿದ್ದಾರೆ. ನಾನು ಎಸ್ ಒಂದನ್ನೇ ನೋಡುತ್ತಿದ್ದೆ. ಹಾಗಾಗಿ ಹುಡುಕುವ ಮೊದಲು ಒಂದು ಹಾಳೆಯಲ್ಲಿ ಹೆಸರನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಬರೆದುಕೊಳ್ಳಿ. ಜೋರಾಗಿ ಉಚ್ಚರಿಸಿ ನೋಡಿ.

ಡಬ್ಲಿನ್‌ನಲ್ಲಿ 1708ರಿಂದ ಭೂಮಿ ಪತ್ರಗಳ ರಿಜಿಸ್ಟ್ರಿ ಇದೆ, ಅದು ಬೆಂಕಿಗೆ ಸಿಗದೆ ಉಳಿದಿದೆ. ಈಗ ಅದರ ಸೂಚಿಗಳನ್ನು ಎಸ್‌ನಲ್ಲೂ ಝಡ್‌ನಲ್ಲೂ ನೋಡುತ್ತಿದ್ದೇನೆ.