ಅನಾನಸ್ ತಿಂದ್ರೆ ನಾಲಿಗೆ ಯಾಕೆ ಉರಿಯತ್ತೆ? ಬ್ರೊಮೆಲಿನ್ ಬಳಸೋದು ಹೇಗೆ, ಯಾರು ಹುಷಾರಾಗಿರ್ಬೇಕು

ಅನಾನಸ್ ನಾಲ್ಕು ಹೋಳು ಜಾಸ್ತಿ ತಿಂದ್ರೆ ನಾಲಿಗೆ ಚುರುಚುರು ಅನ್ನತ್ತಲ್ಲ, ಅದು ಬರೀ ಹುಳಿಗೆ ಅಲ್ಲ. ಹಣ್ಣಲ್ಲಿ ಬ್ರೊಮೆಲಿನ್ ಅನ್ನೋ ಎನ್‌ಜೈಮ್ ಇದೆ, ಅದರ ಕೆಲಸನೇ ಪ್ರೋಟೀನ್ ಒಡೆಯೋದು, ನಾಲಿಗೆ ಮೇಲಿನ ಪದರಾನೂ ಬಿಡಲ್ಲ. ಜೊತೆಗೆ ಸೂಜಿ ಥರದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೂ ಇರತ್ವೆ, ಕೆಸುವಿನ ಎಲೆ ಸರಿಯಾಗಿ ಬೇಯದೇ ಇದ್ರೆ ಗಂಟಲು ತುರಿಸತ್ತಲ್ಲ, ಅದೇ ಹರಳು. ಹೋಳು ಮಾಡಿ ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು ತಿಂದ್ರೆ ಉರಿ ಕಮ್ಮಿ ಅನ್ಸತ್ತೆ. ಕಣ್ಣುಗಳನ್ನ ಪೂರ್ತಿ ತೆಗೀರಿ, ಕಾಯಿ ಇದ್ರೆ ಮುಟ್ಲೇಬೇಡಿ, ಬಾಯಿ ಗಂಟಲು ಎರಡೂ ಕೆಡತ್ತೆ, ವಾಂತಿನೂ ಆಗ್ಬಹುದು.

ಮೊದಲು ಗೊತ್ತಿರ್ಬೇಕಾದ್ದು, ಬ್ರೊಮೆಲಿನ್ ಬಿಸಿಗೆ ಸತ್ತೋಗತ್ತೆ. ಗೊಜ್ಜು, ಮೆಣಸ್ಕಾಯಿ, ಕೇಸರಿಬಾತ್, ಜಾಮ್, ಡಬ್ಬಿ ಹಣ್ಣು ಇದ್ರಲ್ಲೆಲ್ಲ ರುಚಿ ಇರತ್ತೆ, ಎನ್‌ಜೈಮ್ ಇರಲ್ಲ. ಅಡುಗೆಮನೇಲಿ ಇದು ಲಾಭಾನೂ ಹೌದು. ಹಸಿ ಅನಾನಸ್ ಮೊಸರಿಗೆ ಹಾಕಿ ರಾಯ್ತ ಮಾಡಿಟ್ರೆ ಅರ್ಧ ಗಂಟೆಲೇ ಕಹಿ ಶುರುವಾಗತ್ತೆ, ಹಾಲಿನ ಪ್ರೋಟೀನ್ ಒಡೆದು ಹಂಗಾಗೋದು, ನಾನು ಒಂದ್ಸಲ ಮನೆಗೆ ಬಂದವರಿಗೆ ಬೆಳಗ್ಗೆನೇ ಮಾಡಿಟ್ಟು ಮಧ್ಯಾಹ್ನ ಪೂರ್ತಿ ಚೆಲ್ಲಿದೀನಿ. ಹೋಳುಗಳನ್ನ ಐದು ನಿಮಿಷ ಕುದಿಸಿ ಆರಿಸಿ ಹಾಕಿ, ಏನೂ ಆಗಲ್ಲ. ಜೆಲಾಟಿನ್ ಹಾಕಿದ ಜೆಲ್ಲಿನೂ ಇದೇ ಕಾರಣಕ್ಕೆ ಗಟ್ಟಿಯಾಗಲ್ಲ, ಚೈನಾ ಗ್ರಾಸ್ ಆದ್ರೆ ಆಗತ್ತೆ ಯಾಕಂದ್ರೆ ಅದು ಪ್ರೋಟೀನ್ ಅಲ್ಲ.

ಮಟನ್ ಮೆತ್ತಗಾಗ್ಬೇಕು ಅಂದ್ರೆ ಕೆಜಿಗೆ ಎರಡು ಚಮಚ ಹಸಿ ರಸ ಮಸಾಲೆ ಜೊತೆ ಕಲಸಿ ಅರ್ಧ ಗಂಟೆ ಸಾಕು, ಚಿಕನ್‌ಗೆ ಹದಿನೈದು ನಿಮಿಷ. ರಾತ್ರಿ ಪೂರ್ತಿ ಬಿಟ್ರೆ ಮೇಲೆಲ್ಲ ಹಿಟ್ಟು ಹಿಟ್ಟಾಗತ್ತೆ.

ಇನ್ನು ಔಷಧಿ ಕಥೆ. ಮಾತ್ರೆಗೆ ಬಳಸೋ ಬ್ರೊಮೆಲಿನ್ ಹೆಚ್ಚಾಗಿ ಬರೋದು ಗಿಡದ ಕಾಂಡದಿಂದ, ಹಣ್ಣಿಂದ ಅಲ್ಲ. ಹಾಗಾಗಿ ಮಾತ್ರೆ ಮೇಲೆ ಮಾಡಿದ ಪ್ರಯೋಗದ ಫಲ ಒಂದು ಲೋಟ ಜ್ಯೂಸಲ್ಲಿ ಸಿಗತ್ತೆ ಅನ್ಕೋಬೇಡಿ. ಬುದ್ಧಿ ಹಲ್ಲು ಕಿತ್ತಮೇಲೆ ನೋವು ಊತ ಸ್ವಲ್ಪ ಕಮ್ಮಿ ಮಾಡತ್ತೆ ಅಂತ ಕೆಲವು ಪ್ರಯೋಗಗಳಲ್ಲಿ ಕಂಡಿದೆ, ಆದ್ರೆ ಬೊಜ್ಜು ಕರಗತ್ತೆ, ಕ್ಯಾನ್ಸರ್ ವಾಸಿಯಾಗತ್ತೆ ಅಂತ ವಾಟ್ಸಾಪಲ್ಲಿ ಬರೋದಕ್ಕೆ ಆಧಾರ ಇಲ್ಲ. ನಿಜಕ್ಕೂ ಗಟ್ಟಿ ಉಪಯೋಗ ಇರೋದು ಸುಟ್ಟಗಾಯಕ್ಕೆ, ಸತ್ತ ಚರ್ಮ ಕರಗಿಸೋ ನೆಕ್ಸೊಬ್ರಿಡ್ ಅನ್ನೋ ಔಷಧಿಗೆ ಯುರೋಪಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ತು. ಅದು ಆಸ್ಪತ್ರೆ ಕೆಲಸ, ಹಂಗಂತ ಮನೇಲಿ ಗಾಯಕ್ಕೆ ಹಣ್ಣು ಅರೆದು ಹಚ್ಚೋಕೆ ಹೋಗ್ಬೇಡಿ ಮಾರಾಯ್ರೆ.

ರಕ್ತ ತೆಳು ಮಾಡೋ ವಾರ್ಫರಿನ್, ಆಸ್ಪಿರಿನ್ ಥರದ ಮಾತ್ರೆ ತಗೊಳ್ಳೋರು ಬ್ರೊಮೆಲಿನ್ ಮಾತ್ರೆ ಡಾಕ್ಟ್ರನ್ನ ಕೇಳದೆ ತಗೋಬಾರ್ದು, ರಕ್ತಸ್ರಾವ ಹೆಚ್ಚಾಗೋ ಸಾಧ್ಯತೆ ಇದೆ. ಆಪರೇಷನ್ ಇದ್ರೆ ಎರಡು ವಾರ ಮುಂಚೆನೇ ನಿಲ್ಸಿ ಅಂತಾರೆ. ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ನಡೀತಿದ್ರೂ ಡಾಕ್ಟ್ರಿಗೆ ಹೇಳ್ಬಿಡಿ. ರಬ್ಬರ್ ಗ್ಲೌಸ್ ಹಾಕಿದ್ರೆ ಕೈ ತುರಿಸೋ ಲೇಟೆಕ್ಸ್ ಅಲರ್ಜಿ ಇರೋರಿಗೆ ಅನಾನಸ್ಸೂ ಆಗದೇ ಇರಬಹುದು, ತುಟಿ ಊದಿದ್ರೆ ಅಥ್ವಾ ಉಸಿರು ಕಟ್ಟಿದ್ರೆ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ.

ಬಸುರಿಯರು ತಿನ್ಬಾರ್ದು ಅಂತ ಮನೇಲಿ ದೊಡ್ಡೋರು ಹೇಳೇ ಹೇಳ್ತಾರೆ. ಮಾಗಿದ ಅನಾನಸ್ ಎರಡು ಹೋಳು ತಿಂದ್ರೆ ಗರ್ಭಪಾತ ಆಗತ್ತೆ ಅನ್ನೋಕೆ ಆಧಾರ ಇಲ್ಲ, ಎದೆಯುರಿ ಇರೋರಿಗೆ ಹುಳಿ ತೊಂದ್ರೆ ಕೊಡ್ಬಹುದು ಅಷ್ಟೇ. ಬ್ರೊಮೆಲಿನ್ ಮಾತ್ರೆ ಮಾತ್ರ ಬೇಡ, ಪರಂಗಿಕಾಯಿನೂ ಬೇಡ, ಅದರ ಹಾಲಲ್ಲಿರೋದು ಬೇರೆ ಎನ್‌ಜೈಮ್, ಪಪೈನ್ ಅಂತ.