ಕಾಗದ ಟೋ-ಇನ್ ಅಂದಿತು, ಟೈರ್ ಟೋ-ಔಟ್ ಅಂದಿತು

ಬಲಗಡೆ ಹಿಂದಿನ ಟೈರಿನಲ್ಲಿ ನೂಲು ಕಾಣಿಸಿದ್ದು ಬೇರೆ ಯಾವುದೋ ಕೆಲಸಕ್ಕೆ ಕಾರಿನ ಕೆಳಗೆ ಮಲಗಿದಾಗ. ಎಕ್ಸಾಸ್ಟ್ ಕ್ಲಾಂಪ್ ಸಡಿಲವಾಗಿ ಗಿಣಿಗಿಣಿ ಅನ್ನುತ್ತಿತ್ತು. ಬಿಗಿ ಮಾಡೋಣ ಅಂತ ಹಿಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ಹೋದೆ. ಟಾರ್ಚ್ ಬೆಳಕು ಟೈರಿನ ಒಳ ಅಂಚಿನ ಮೇಲೆ ಬಿತ್ತು. ಬೆರಳಗಲದ ಒಂದು ಪಟ್ಟಿ ಸುತ್ತಲೂ ಬೋಳಾಗಿತ್ತು. ಎರಡು ಕಡೆ ರಬ್ಬರ್ ಪೂರ್ತಿ ಹೋಗಿ ಒಳಗಿನ ನೂಲು ಎದ್ದಿತ್ತು. ಕ್ಲಾಂಪ್ ಮರೆತೇಹೋಯಿತು.

ನಿಂತು ನೋಡಿದರೆ ಆ ಟೈರ್ ಚೆನ್ನಾಗಿಯೇ ಇತ್ತು. ಹೊರ ಅಂಚಿನಲ್ಲಿ ರಬ್ಬರ್ ಬೇಕಾದಷ್ಟಿತ್ತು. ಅಗಲದ ಟೈರ್, ಮೇಲ್ಭಾಗ ಒಳಕ್ಕೆ ವಾಲಿದ ಚಕ್ರ, ತಗ್ಗಿನ ಬಾಡಿ. ಇಂಥ ಕಾರಿನಲ್ಲಿ ಒಳ ಅಂಚು ಕಣ್ಣಿಗೆ ಬೀಳುವುದೇ ಇಲ್ಲ. ಮುಂದಿನ ಚಕ್ರವಾದರೆ ಸ್ಟೀರಿಂಗ್ ತಿರುಗಿಸಿ ಇಣುಕಬಹುದು. ಹಿಂದಿನದಕ್ಕೆ ನೆಲಕ್ಕೆ ಕೆನ್ನೆ ಹಚ್ಚಬೇಕು. ಆ ಟೈರ್ ಹಾಕಿಸಿ ಓಡಿಸಿದ 14,000 ಕಿ.ಮೀ.ನಲ್ಲಿ ನಾನು ಒಂದು ಸಲವೂ ಹಚ್ಚಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಸರಿಮಾಡುವ ಕೆಲಸ, ಮಾಡಿಸಿದ್ದೆ. ಆ ಕಾಗದ ಡ್ಯಾಶ್‌ಬೋರ್ಡಿನ ಡಬ್ಬದಲ್ಲೇ ಇತ್ತು. ತೆಗೆದು ನೋಡಿದೆ, ಎಲ್ಲಾ ಹಸಿರು. ಹಿಂದಿನ ಕ್ಯಾಂಬರ್, ಅಂದರೆ ಚಕ್ರದ ವಾಲು, ಎಡಕ್ಕೆ ಮೈನಸ್ 1.8 ಡಿಗ್ರಿ, ಬಲಕ್ಕೆ ಮೈನಸ್ 2.0. ಮೈನಸ್ ಅಂದರೆ ಮೇಲ್ಭಾಗ ಒಳಕ್ಕೆ. ಟೋ, ಅಂದರೆ ಮೇಲಿನಿಂದ ನೋಡಿದರೆ ಚಕ್ರದ ಮುಂಭಾಗ ಎತ್ತ ತಿರುಗಿದೆ ಅನ್ನುವುದು, ಎರಡೂ ಕಡೆ 0.12 ಡಿಗ್ರಿ ಟೋ-ಇನ್, ಒಳಕ್ಕೆ. ಅಂಗಡಿಯವರಿಗೆ ಫೋನ್ ಮಾಡಿದೆ. "ಕ್ಯಾಂಬರ್ ಜಾಸ್ತಿ ಇರೋ ಗಾಡಿ ಸಾರ್, ಒಳಗಡೆ ತಿನ್ನೋದು ಮಾಮೂಲು" ಅಂದರು. ನಾನೂ ಅರ್ಧ ನಂಬಿದೆ. ಪರ್ಫಾರ್ಮೆನ್ಸ್ ಕಾರಿನ ಟೈರ್ ಬಗ್ಗೆ ಏನೇ ಕೇಳಿದರೂ ಕ್ಯಾಂಬರ್ ಮೇಲೆ ಹಾಕಿಬಿಟ್ಟರೆ ಮಾತು ಮುಗಿಯುತ್ತದೆ, ಅಲ್ವಾ?

ಆದರೆ ಎಡಗಡೆಯ ಟೈರ್ ಅಷ್ಟು ಸವೆದಿರಲಿಲ್ಲ. 0.2 ಡಿಗ್ರಿ ವ್ಯತ್ಯಾಸಕ್ಕೆ ಒಂದು ಟೈರ್ ಸತ್ತು ಇನ್ನೊಂದು ಬದುಕುವುದುಂಟೇ? ಅಲ್ಲಿಂದ ಶುರುವಾಯಿತು.

ಮೊದಲು ಅಳತೆ. ಡೆಪ್ತ್ ಗೇಜ್ ತಗೊಂಡು ಪ್ರತಿ ಟೈರಿಗೆ ಒಳ ಗ್ರೂವ್, ನಡು ಗ್ರೂವ್, ಹೊರ ಗ್ರೂವ್, ಹೀಗೆ ಮೂರು ಕಡೆ ಅಳೆದೆ. ಚಕ್ರ ತಿರುಗಿಸುತ್ತಾ ನಾಲ್ಕು ಜಾಗದಲ್ಲಿ ಅದನ್ನೇ ಮಾಡಿದೆ. ಸುತ್ತಲೂ ಒಂದೇ ಲೆಕ್ಕ ಬಂದರೆ ತಪ್ಪು ಚಕ್ರದ ಕೋನದಲ್ಲಿ ಹುಡುಕಬೇಕು. ಒಂದು ಕಡೆ ಗುಂಡಿ, ಒಂದು ಕಡೆ ದಿಣ್ಣೆ ಬಂದರೆ ಬ್ಯಾಲೆನ್ಸೋ, ಶಾಕ್ ಅಬ್ಸಾರ್ಬರೋ ನೋಡಬೇಕು. ನನ್ನದು ಸುತ್ತಲೂ ಸಮ. ಬಲಗಡೆ ಒಳಗಿನಿಂದ ಹೊರಕ್ಕೆ 1.2, 3.8, 4.6 ಮಿ.ಮೀ. ಎಡಗಡೆ 3.1, 4.2, 4.7. ಗ್ರೂವ್ ಒಳಗಿನ ಸವೆತದ ಗುರುತು 1.6 ಮಿ.ಮೀ.ಗೆ ಇರುತ್ತದೆ. ಬಲಗಡೆಯದು ಒಳಬದಿಯಲ್ಲಿ ಅದನ್ನೂ ದಾಟಿತ್ತು.

ಗಾಳಿಯ ಮೇಲೆ ಅನುಮಾನ ಬರಲಿಲ್ಲ. ಗಾಳಿ ಜಾಸ್ತಿಯಾದರೆ ನಡು ಸವೆಯುತ್ತದೆ, ಕಮ್ಮಿಯಾದರೆ ಎರಡೂ ಅಂಚು ಸವೆಯುತ್ತವೆ. ಒಂದೇ ಅಂಚು ಹೋಗಬೇಕಾದರೆ ಕಾರಣ ಬೇರೆ ಇರಬೇಕು. ಆದರೂ ಕಾರು ತಣ್ಣಗಿದ್ದಾಗ ನೋಡಿದೆ, ಸರಿಯಿತ್ತು.

ಆಮೇಲೆ ಕೈ ಆಡಿಸಿದೆ. ಗೇಜ್ ಹೇಳದ ಸಂಗತಿ ಅಂಗೈ ಹೇಳುತ್ತದೆ. ಟೈರಿನ ಅಡ್ಡಕ್ಕೆ, ಒಳಗಿನಿಂದ ಹೊರಕ್ಕೆ ಸವರಿದರೆ ನುಣ್ಣಗೆ ಹೋಯಿತು. ಹೊರಗಿನಿಂದ ಒಳಕ್ಕೆ ಸವರಿದರೆ ಪ್ರತಿ ಪಟ್ಟಿಯ ಅಂಚೂ ಗರಗಸದ ಹಲ್ಲಿನ ಹಾಗೆ ಚುಚ್ಚಿತು. ಎಡಗಡೆ ಟೈರಿನಲ್ಲಿ ಯಾವ ಕಡೆ ಸವರಿದರೂ ಹೆಚ್ಚುಕಮ್ಮಿ ಒಂದೇ.

ಕ್ಯಾಂಬರ್ ಒಂದರಿಂದಲೇ ಆದ ಸವೆತ ನುಣುಪಾಗಿರುತ್ತದೆ, ಇಳಿಜಾರಿನ ಹಾಗೆ. ಗರಗಸದ ಹಲ್ಲು ಬರಬೇಕಾದರೆ ಟೈರ್ ಅಡ್ಡಕ್ಕೆ ಉಜ್ಜಿರಬೇಕು. ಅದು ಟೋ ಕೆಲಸ. ಚಕ್ರದ ಮುಂಭಾಗ ಹೊರಕ್ಕೆ ತಿರುಗಿದ್ದರೆ, ಅಂದರೆ ಟೋ-ಔಟ್ ಇದ್ದರೆ, ಚಕ್ರ ಹೊರಕ್ಕೆ ಹೋಗಲು ನೋಡುತ್ತದೆ, ಕಾರು ಅದನ್ನು ಒಳಕ್ಕೆ ಎಳೆಯುತ್ತದೆ. ಪ್ರತಿ ಪಟ್ಟಿಯ ಒಳ ಅಂಚು ಉಜ್ಜಿ ದುಂಡಗಾಗುತ್ತದೆ, ಹೊರ ಅಂಚು ಚೂಪಾಗಿ ಉಳಿಯುತ್ತದೆ. ನನ್ನ ಅಂಗೈಗೆ ಸಿಕ್ಕಿದ್ದು ಇದೇ. ಜೊತೆಗೆ ಚಕ್ರ ಒಳಕ್ಕೆ ವಾಲಿರುವುದರಿಂದ ಭಾರವೆಲ್ಲ ಒಳ ಅಂಚಿನ ಮೇಲೆ. ಉಜ್ಜಾಟವೂ ಅಲ್ಲೇ. ಕ್ಯಾಂಬರ್ ತಪ್ಪಿತಸ್ಥ ಅಲ್ಲ, ತಪ್ಪಿತಸ್ಥನಿಗೆ ಜಾಗ ತೋರಿಸಿದವನು ಅಷ್ಟೇ.

ಈಗ ಗೊಂದಲ. ಕಾಗದ ಟೋ-ಇನ್ ಅನ್ನುತ್ತಿದೆ, ಟೈರ್ ಟೋ-ಔಟ್ ಅನ್ನುತ್ತಿದೆ. ಕಾಗದ ಸುಳ್ಳೇ ಇರಬೇಕು ಅಂದುಕೊಂಡು, ಟೋ ನಾನೇ ಅಳೆಯೋಣ ಅಂತ ದಾರ ಕಟ್ಟಿದೆ.

ನಾಲ್ಕು ಸ್ಟ್ಯಾಂಡ್, ಎರಡು ನೈಲಾನ್ ದಾರ, ಒಂದು ಸ್ಟೀಲ್ ಸ್ಕೇಲು. ದಾರ ಚಕ್ರದ ನಡುಮಟ್ಟದ ಎತ್ತರದಲ್ಲಿ, ಕಾರಿನ ಉದ್ದಕ್ಕೂ ಎರಡೂ ಬದಿ. ನನ್ನ ಕಾರಿನಲ್ಲಿ ಎಡಬಲ ಚಕ್ರಗಳ ನಡುವಿನ ಅಂತರ ಮುಂದೆ ಬೇರೆ, ಹಿಂದೆ ಬೇರೆ. ಹಾಗಾಗಿ ದಾರವನ್ನು ಟೈರಿಗೆ ತಾಗಿಸದೆ, ಮುಂದಿನ ಎರಡು ಹಬ್‌ಗಳಿಂದ ಸಮ ದೂರ, ಹಿಂದಿನ ಎರಡರಿಂದ ಸಮ ದೂರ ಬರುವಂತೆ ಕೂರಿಸಬೇಕು. ಎರಡು ದಾರಗಳ ನಡುವಿನ ಅಗಲ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಸರಿಮಾಡುವಷ್ಟರಲ್ಲಿ ಒಂದೂವರೆ ಗಂಟೆ. ಎರಡು ಸಲ ನಾನೇ ದಾರಕ್ಕೆ ಕಾಲು ಕೊಟ್ಟು ಎಲ್ಲಾ ಹಾಳುಮಾಡಿದೆ.

ಮೊದಲ ಅಳತೆಗೆ ಅರ್ಥವೇ ಇರಲಿಲ್ಲ, ತಪ್ಪು ನನ್ನದೇ. ಜಾಕ್‌ನಿಂದ ಇಳಿಸಿದ ಮೇಲೆ ಚಕ್ರಗಳು ತಮ್ಮ ಜಾಗಕ್ಕೆ ಬಂದಿರುವುದಿಲ್ಲ, ಟೈರ್ ನೆಲ ಕಚ್ಚಿಕೊಂಡು ಸಸ್ಪೆನ್ಷನ್ ಸಿಕ್ಕಿಕೊಂಡಿರುತ್ತದೆ. ಕೈಯಲ್ಲೇ ತಳ್ಳಿ ಮೂರು ಮೀಟರ್ ಹಿಂದೆ ಮುಂದೆ ಉರುಳಿಸಿ, ಹಿಂಭಾಗ ನಾಲ್ಕು ಸಲ ಅದುಮಿ, ಮತ್ತೆ ದಾರ ಕೂರಿಸಿ ಅಳೆದೆ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು. ಆ ವ್ಯತ್ಯಾಸವೇ ಟೋ. 18 ಇಂಚಿನ ರಿಮ್ ಅಂದರೆ 457 ಮಿ.ಮೀ. 1 ಮಿ.ಮೀ. ವ್ಯತ್ಯಾಸ ಬಂದರೆ ಸುಮಾರು 0.125 ಡಿಗ್ರಿ. ನನಗೆ ಎರಡೂ ಕಡೆ 1 ಮಿ.ಮೀ. ಟೋ-ಇನ್ ಬಂತು. ಕಾಗದ ಹೇಳಿದ್ದು ನಿಜ!

ಸ್ಕೇಲು ಹಿಡಿದು ಸುಮ್ನೆ ಕೂತೆ. ಆಗ ಹೊಳೆದಿದ್ದು, ಬ್ರೇಕ್ ಹಾಕಿದಾಗ ಮೂತಿ ಸ್ವಲ್ಪ ಎಡಕ್ಕೆ ಎಳೆಯುತ್ತಿದ್ದದ್ದು. ಎರಡು ತಿಂಗಳಿಂದ ಇತ್ತು. ಮುಂದಿನ ಕ್ಯಾಲಿಪರ್ ಹಿಡಿಯುತ್ತಿರಬೇಕು ಅಂತ ಒಂದು ಭಾನುವಾರ ಪೂರ್ತಿ ಅದನ್ನು ಬಿಚ್ಚಿ ತೊಳೆದಿದ್ದೆ, ಏನೂ ಬದಲಾಗಿರಲಿಲ್ಲ. ಎಡಕ್ಕೆ ತಿರುವು ತಗೊಂಡಾಗ ಬಾಲ ಒಂದು ಕ್ಷಣ ತಡವಾಗಿ ಹೊರಕ್ಕೆ ಸರಿದ ಹಾಗೆ ಅನ್ನಿಸುತ್ತಿತ್ತು. ಬಲಕ್ಕೆ ತಿರುಗಿದಾಗ ಹಾಗಾಗುತ್ತಿರಲಿಲ್ಲ. ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಬಲಗಡೆ ಹಿಂದಿನ ಚಕ್ರ ಕಾರು ನಿಂತಾಗ ಒಂದು ದಿಕ್ಕು, ಬ್ರೇಕಿನ ಅಥವಾ ತಿರುವಿನ ಒತ್ತಡ ಬಿದ್ದಾಗ ಇನ್ನೊಂದು ದಿಕ್ಕು ನೋಡುತ್ತಿದೆ. ಅಲೈನ್‌ಮೆಂಟ್ ಯಂತ್ರ ನೋಡುವುದು ನಿಂತ ಕಾರನ್ನು ಮಾತ್ರ.

ಕಾರು ಮಾಡುವವರಿಗೆ ಇದು ಹಳೇ ವಿಷಯ. ಥ್ರಾಟಲ್ ಬಿಟ್ಟಾಗ, ಬ್ರೇಕ್ ಹಾಕಿದಾಗ, ಚಕ್ರವನ್ನು ಹಿಡಿದಿಡುವ ಸರಳುಗಳ (ಲಿಂಕ್) ತುದಿಯ ರಬ್ಬರ್ ಬುಷ್‌ಗಳು ಬಗ್ಗಿ ಹಿಂದಿನ ಚಕ್ರ ಟೋ-ಔಟ್‌ಗೆ ಹೋಗುತ್ತದೆ ಅಂತಲೇ 1977ರಲ್ಲಿ ಬಂದ ಪೋರ್ಷೆ 928ಕ್ಕೆ ವೈಸಾಖ್ ಆಕ್ಸಲ್ ಕೊಟ್ಟರು. ಅದರಲ್ಲಿ ಬುಷ್ ಬಗ್ಗಿದರೂ ಚಕ್ರ ಟೋ-ಇನ್ ಕಡೆಗೇ ತಿರುಗುವ ಹಾಗೆ ಲಿಂಕ್ ಜೋಡಿಸಿದ್ದರು. ಬುಷ್ ಎಷ್ಟು ಬಗ್ಗಬೇಕು ಅನ್ನುವುದೂ ಇಂಥ ಲೆಕ್ಕದಲ್ಲಿ ಸೇರಿರುತ್ತದೆ. ಬುಷ್ ಹರಿದರೆ ಲೆಕ್ಕವೇ ತಲೆಕೆಳಗು.

ಖಚಿತ ಮಾಡಿಕೊಳ್ಳಲು ಒಂದು ಉಪಾಯ ಮಾಡಿದೆ. ನೆಲಕ್ಕೆ ಹಾಕುವ ಟೈಲ್ಸ್ ನಾಲ್ಕು ತಂದು, ಎರಡೆರಡು ನುಣುಪು ಮುಖ ಸೇರಿಸಿ, ನಡುವೆ ದಪ್ಪಗೆ ಗ್ರೀಸ್ ಬಳಿದು ಹಿಂದಿನ ಚಕ್ರಗಳ ಕೆಳಗಿಟ್ಟೆ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟೆ ಕೊಟ್ಟೆ. ಈಗ ಹಿಂದಿನ ಟೈರ್ ನೆಲಕ್ಕೆ ಅಂಟಿಕೊಳ್ಳದೆ ಜಾರುತ್ತದೆ. ತಮ್ಮ ಎಡಗಡೆ ಟೈರಿನ ಹಿಂದಿನ ಅಂಚನ್ನು ಎರಡೂ ಕೈಯಲ್ಲಿ ಒಳಕ್ಕೆ ತಳ್ಳಿದ. ದಾರದ ಹತ್ತಿರ ಸ್ಕೇಲು ಹಿಡಿದಿದ್ದೆ. ಅರ್ಧ ಮಿ.ಮೀ.ಯೂ ಅಲ್ಲಾಡಲಿಲ್ಲ. ಬಲಗಡೆ ಬಂದು ಅಷ್ಟೇ ಜೋರಾಗಿ ತಳ್ಳಿದ. "ಏನೋ ಟಕ್ ಅಂತಲ್ಲೋ ಅಣ್ಣ" ಅಂದ. 1 ಮಿ.ಮೀ. ಟೋ-ಇನ್ ಇದ್ದದ್ದು 2 ಮಿ.ಮೀ. ಟೋ-ಔಟ್ ಆಗಿತ್ತು. ಒಬ್ಬ ಮನುಷ್ಯನ ಕೈಬಲಕ್ಕೇ ಇಷ್ಟು. ಬ್ರೇಕಿನ ಬಲಕ್ಕೆ ಎಷ್ಟಾಗುತ್ತಿತ್ತೋ.

457ಕ್ಕೆ 2 ಮಿ.ಮೀ. ಅಂದರೆ ಒಂದು ಕಿಲೋಮೀಟರಿಗೆ 4.4 ಮೀಟರ್ ಟೈರ್ ಅಡ್ಡಕ್ಕೆ ಉಜ್ಜಿದ ಹಾಗೆ. ಸದಾ ಹಾಗಿರುವುದಿಲ್ಲ, ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಮಾತ್ರ. ಆದರೆ ಟೈರಿನ ಮೇಲೆ ಬಲ ಜಾಸ್ತಿ ಬೀಳುವುದೂ ಆಗಲೇ.

ಕಾರು ಮತ್ತೆ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಲಿವರ್ ಹಿಡಿದು ಒಂದೊಂದೇ ಲಿಂಕ್ ಮೀಟಿದೆ. ಆಕ್ಸಲಿನ ಹಿಂದೆ ಇರುವ ಟೋ ಲಿಂಕ್, ಅದರ ಒಳತುದಿಯ ಬುಷ್. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಧೂಳು ಕೂತಿತ್ತು ಅಷ್ಟೇ. ಮೀಟಿದಾಗ ರಬ್ಬರ್ ಬಾಯಿ ಬಿಟ್ಟಿತು. ನಡುವಿನ ಕಬ್ಬಿಣದ ಕೊಳವೆಯಿಂದ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಬ್ರೇಕಿನ, ತಿರುವಿನ ಒತ್ತಡ ಇಲ್ಲದಿದ್ದಾಗ ಕೊಳವೆ ತನ್ನ ಜಾಗಕ್ಕೆ ವಾಪಸ್. ಅದಕ್ಕೇ ಯಂತ್ರಕ್ಕೂ ಸಿಗಲಿಲ್ಲ, ನನ್ನ ದಾರಕ್ಕೂ ಸಿಗಲಿಲ್ಲ.

ಬಿಚ್ಚುವ ಕೆಲಸದ ಕಥೆ ಬೇಡ. ಟೋ ಹೊಂದಿಸುವ ಕ್ಯಾಮ್ ಬೋಲ್ಟ್ ತುಕ್ಕು ಹಿಡಿದು ಬುಷ್ ಒಳಗಿನ ಕೊಳವೆಗೇ ಅಂಟಿತ್ತು. ಎರಡು ದಿನ ಎಣ್ಣೆ ಬಿಟ್ಟೆ, ಬಿಸಿ ಮಾಡಿದೆ, ಕೊನೆಗೆ ಕತ್ತರಿಸಿದೆ. ಬುಷ್ ಬದಲಿಸುವವರು ಹೊಸ ಕ್ಯಾಮ್ ಬೋಲ್ಟ್, ನಟ್ ಮೊದಲೇ ತರಿಸಿ ಇಟ್ಟುಕೊಳ್ಳಿ. ಎಡಗಡೆಯ ಬುಷ್ ಸರಿಯಿದ್ದರೂ ಅದನ್ನೂ ಬದಲಿಸಿದೆ. ಒಂದು ಗಟ್ಟಿ, ಒಂದು ಮೆತ್ತಗೆ ಇರುವುದು ನನಗೆ ಸರಿ ಅನ್ನಿಸಲಿಲ್ಲ.

ಒಂದು ಮಾತು ಮಾತ್ರ ಬಿಡಿಸಿ ಹೇಳಬೇಕು. ಚಕ್ರ ಗಾಳಿಯಲ್ಲಿ ಜೋತಾಡುವಾಗ ಈ ಬೋಲ್ಟನ್ನು ಪೂರ್ತಿ ಬಿಗಿ ಮಾಡಬಾರದು. ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿರುತ್ತದೆ. ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ನನ್ನ ಹಳೇ ಬುಷ್ ಕೂಡ ಹಾಗೇ ಹರಿದಿರಬೇಕು ಅಂತ ನನ್ನ ಗುಮಾನಿ. ಹಿಂದಿನ ವರ್ಷ ಸ್ಪ್ರಿಂಗ್ ಬದಲಿಸಿ ಕಾರು ತಗ್ಗಿಸಿದ್ದೆ, ಆಗ ಬೋಲ್ಟ್ ಬಿಗಿ ಮಾಡಿದ್ದು ನಾನೇ. ಈ ಸಲ ಬಿಚ್ಚುವ ಮೊದಲೇ ಹಬ್ಬಿನ ನಡುವಿನಿಂದ ಫೆಂಡರ್ ಅಂಚಿಗೆ ಎಷ್ಟು ಅಂತ ಅಳೆದು ಬರೆದಿಟ್ಟಿದ್ದೆ, 352 ಮಿ.ಮೀ. ಸ್ಟ್ಯಾಂಡ್ ತೆಗೆಯದೆ, ಹಬ್ಬಿನ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಅದೇ 352 ಬರುವವರೆಗೆ ಎತ್ತಿ, ಆಗ ಟಾರ್ಕ್ ವ್ರೆಂಚ್ ಹಾಕಿದೆ.

ಟೈಲ್ಸ್ ಪರೀಕ್ಷೆ ಮತ್ತೆ ಮಾಡಿದೆವು. ತಮ್ಮ ಹಲ್ಲು ಕಚ್ಚಿ ತಳ್ಳಿದರೂ ಬಲಗಡೆ ಅರ್ಧ ಮಿ.ಮೀ. ದಾಟಲಿಲ್ಲ. ಇದಾದ ಮೇಲೇ ಹೊಸ ಟೈರ್ ಹಾಕಿಸಿದ್ದು. ಕಾರು ನಿಂತಲ್ಲೇ ಇತ್ತು, ಚಕ್ರಗಳನ್ನು ಮಾತ್ರ ಬಿಚ್ಚಿ ಒಯ್ದೆ. ಹಿಂದಿನ ಎರಡೂ ಹೊಸದು. ನನ್ನದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಎರಡು ಚಕ್ರಗಳ ವೇಗ ತೀರಾ ಬೇರೆಯಾಗದ ಹಾಗೆ ತಡೆಯುವಂಥದ್ದು. ಎಡಬಲ ಟೈರಿನ ಸುತ್ತಳತೆ ಬೇರೆಯಾದರೆ ನೇರ ರಸ್ತೆಯಲ್ಲೂ ಅದಕ್ಕೆ ಕೆಲಸ ತಪ್ಪುವುದಿಲ್ಲ. ಅಲೈನ್‌ಮೆಂಟ್ ಬೇರೆ ಕಡೆ ಮಾಡಿಸಿದೆ. ಮೊದಲು ಹಿಂದಿನದು, ಆಮೇಲೆ ಮುಂದಿನದು ಅಂತ ನಿಂತು ಮಾಡಿಸಿದೆ. ಕಾರು ಯಾವ ದಿಕ್ಕಿಗೆ ನೂಕಿಸಿಕೊಳ್ಳುತ್ತದೆ ಅನ್ನುವುದನ್ನು ಹಿಂದಿನ ಚಕ್ರಗಳೇ ತೀರ್ಮಾನಿಸುವುದು. ಕ್ಯಾಂಬರ್ ಮುಟ್ಟಲೇ ಇಲ್ಲ. ಎಡ ಮೈನಸ್ 1.8, ಬಲ ಮೈನಸ್ 2.0, ಮೊದಲಿನ ಹಾಗೇ ಬಿಟ್ಟೆ. ಅದೇ ಕ್ಯಾಂಬರಿನಲ್ಲಿ ಟೈರ್ ಉಳಿಯುತ್ತದೋ ಇಲ್ಲವೋ ನೋಡಬೇಕಿತ್ತು.

ಬ್ರೇಕ್ ಹಾಕಿದರೆ ಈಗ ಮೂತಿ ಎಡಕ್ಕೆ ಹೋಗುವುದಿಲ್ಲ. 3,000 ಕಿ.ಮೀ. ಆದ ಮೇಲೆ ಮತ್ತೆ ಕೆಳಗೆ ಮಲಗಿ ಅಳೆದೆ. ಬಲಗಡೆ ಒಳ ಗ್ರೂವ್ 6.9, ಹೊರ ಗ್ರೂವ್ 7.2. ಎಡಗಡೆ 7.0, 7.2. ಅಂಗೈ ಎರಡೂ ಕಡೆಗೆ ನುಣ್ಣಗೆ ಓಡಿತು. ಎಕ್ಸಾಸ್ಟ್ ಕ್ಲಾಂಪ್ ಅವತ್ತೇ ಬಿಗಿ ಮಾಡಿದ್ದು.